ಡ್ಯಾಂಪರ್ ಹೋಗಿದೆಯಾ, ಎಂಜಿನ್ ಹೋಗಿದೆಯಾ?

ಪ್ರಶ್ನೆ: ನನ್ನದು 2005ರ ಟಾಟಾ 1613 ಲಾರಿ, ಕಮ್ಮಿನ್ಸ್ ಆರು ಸಿಲಿಂಡರ್ ಎಂಜಿನ್. ಈರುಳ್ಳಿ, ಮೆಕ್ಕೆಜೋಳ ತುಂಬಿಕೊಂಡು ಹಿರಿಯೂರಿನಿಂದ ಬೆಂಗಳೂರಿಗೆ ಓಡುತ್ತದೆ. ಎರಡು ತಿಂಗಳಿಂದ 1,500 ಆರ್‌ಪಿಎಂ ಹತ್ತಿರ ಸ್ಟೀರಿಂಗ್ ನಡುಗುತ್ತಿದೆ. ಫ್ಯಾನ್ ಬೆಲ್ಟ್ ಎರಡು ಸಲ ಹಾರಿಹೋಯಿತು. ಐಡಲ್‌ನಲ್ಲಿ ಎಂಜಿನ್ ಮುಂದಿನಿಂದ ಕಟಕಟ ಅಂತ ಸದ್ದು. ಒಬ್ಬರು ಎಂಜಿನ್ ಮೌಂಟಿಂಗ್ ಬದಲಿಸಿದರು, ಏನೂ ಉಪಯೋಗವಾಗಲಿಲ್ಲ. ಇನ್ನೊಬ್ಬರು ಕ್ರ್ಯಾಂಕ್ ಹೋಗಿದೆ, ಎಂಜಿನ್ ಇಳಿಸಬೇಕು ಅಂತಾರೆ. ಮೂರನೆಯವರು ಡ್ಯಾಂಪರ್ ಪುಲ್ಲಿ ಸಡಿಲವಾಗಿದೆ, ನಾಲ್ಕು ಕಡೆ ವೆಲ್ಡಿಂಗ್ ಹೊಡೆದರೆ ಸಾಕು ಅಂತಾರೆ. ಯಾರನ್ನು ನಂಬಲಿ? ಅಲ್ಲಿಯವರೆಗೆ ಇನ್ನೆರಡು ಟ್ರಿಪ್ ಹೊಡೆಯಬಹುದಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಬೇಡ. ಬೆಲ್ಟು ಎರಡು ಸಲ ಹಾರಿದ ಮೇಲೆ ಲೋಡು ಹಾಕಬೇಡಿ. ಬೆಲ್ಟು ಹೋದರೆ ವಾಟರ್ ಪಂಪ್ ನಿಲ್ಲುತ್ತದೆ, ಎಂಜಿನ್ ಕಾಯುತ್ತದೆ, ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ಅಷ್ಟೇ ಆದರೆ ಪುಣ್ಯ. ಡ್ಯಾಂಪರ್ ಅಂದರೆ ಕ್ರ್ಯಾಂಕಿನ ಮುಂದಿನ ತುದಿಯಲ್ಲಿರುವ ಪುಲ್ಲಿ. ಅದರ ಹೊರ ಉಂಗುರ ಕಳಚಿಕೊಂಡರೆ ನೇರ ಫ್ಯಾನು, ರೇಡಿಯೇಟರ್ ಮೇಲೆ ಹೋಗುತ್ತದೆ.

ಇನ್ನು ಮೂವರಲ್ಲಿ ಯಾರು ಸರಿ? ನೀವು ಹೇಳಿದ ಮೂರು ಲಕ್ಷಣದಲ್ಲಿ ಬೆಲ್ಟು ಹಾರುವುದು, ಮುಂದಿನ ಕಟಕಟ ಎರಡೂ ಡ್ಯಾಂಪರ್ ಕಡೆಗೇ ಬೆರಳು ತೋರಿಸುತ್ತವೆ. ಮೂರನೆಯವರ ಗುಮಾನಿ ಸರಿ ಇರಬಹುದು. ಅವರು ಹೇಳಿದ ವೆಲ್ಡಿಂಗ್ ಮಾತ್ರ ಮೂರರಲ್ಲೂ ಕೆಟ್ಟ ಸಲಹೆ. ಯಾಕೆ ಅಂತ ಗೊತ್ತಾಗಬೇಕಾದರೆ ಆ ಪುಲ್ಲಿ ಮಾಡುವ ಕೆಲಸ ಏನು ಅಂತ ತಿಳಿದಿರಬೇಕು.

ನಿಮ್ಮದು ಕಮ್ಮಿನ್ಸ್‌ನ 6ಬಿಟಿ ಮಾದರಿಯ 5.9 ಲೀಟರ್ ಎಂಜಿನ್. ಆರು ಸಿಲಿಂಡರ್ ಸಾಲಾಗಿ ನಿಂತಿವೆ. ಅವುಗಳ ಹೊಡೆತವನ್ನು ತಿರುಗಾಟ ಮಾಡುವ ಉದ್ದದ ಶಾಫ್ಟೇ ಕ್ರ್ಯಾಂಕ್. ಅದು ಒಂದು ಸುತ್ತು ತಿರುಗುವಷ್ಟರಲ್ಲಿ ಮೂರು ಸಿಲಿಂಡರ್ ಉರಿಯುತ್ತವೆ. 1,500 ಆರ್‌ಪಿಎಂನಲ್ಲಿ ಲೆಕ್ಕ ಹಾಕಿದರೆ ಸೆಕೆಂಡಿಗೆ 75 ಹೊಡೆತ. ಪ್ರತಿ ಹೊಡೆತಕ್ಕೂ ಕ್ರ್ಯಾಂಕ್ ಒಂದು ಕೂದಲಿನಷ್ಟು ತಿರುಚಿಕೊಂಡು ಮತ್ತೆ ಬಿಚ್ಚಿಕೊಳ್ಳುತ್ತದೆ. ಒದ್ದೆ ಪಂಚೆಯನ್ನು ಎರಡು ಕಡೆ ಹಿಡಿದು ಹಿಂಡುತ್ತೀವಲ್ಲ, ಹಾಗೆ. ಹಿಂದಿನ ತುದಿಯನ್ನು ಭಾರವಾದ ಫ್ಲೈವೀಲ್ ಹಿಡಿದುಕೊಂಡಿದೆ. ಮುಂದಿನ ತುದಿ ಸ್ವತಂತ್ರ, ಅದಕ್ಕೇ ಜಾಸ್ತಿ ಒದ್ದಾಡುವುದು ಅದೇ. ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ಮೆಲ್ಲಗೆ ತಳ್ಳಿದರೂ ಅದು ಮೇಲೆ ಮೇಲೆ ಹೋಗುತ್ತದೆ ಅಲ್ವಾ? ಕೆಲವು ಆರ್‌ಪಿಎಂಗಳಲ್ಲಿ ಸಿಲಿಂಡರ್ ಹೊಡೆತವೂ ಕ್ರ್ಯಾಂಕಿನ ಸ್ವಂತ ತೂಗಾಟವೂ ಹೊಂದಿಕೊಂಡುಬಿಡುತ್ತವೆ. ಆಗ ತಿರುಚಾಟ ಬೆಳೆಯುತ್ತಾ ಹೋಗುತ್ತದೆ. ಅದನ್ನು ತಡೆಯುವುದಕ್ಕೇ ಮುಂದಿನ ತುದಿಯಲ್ಲಿ ಡ್ಯಾಂಪರ್ ಇಟ್ಟಿರುವುದು. ಒಳಗೆ ಹಬ್, ಹೊರಗೆ ಭಾರದ ಉಂಗುರ, ನಡುವೆ ರಬ್ಬರ್. ಕ್ರ್ಯಾಂಕ್ ಒಂದು ಕಡೆ ಜಗ್ಗಿದರೆ ಉಂಗುರ ಹಿಂದುಳಿಯುತ್ತದೆ. ನಡುವಿನ ರಬ್ಬರ್ ಆ ಜಗ್ಗಾಟವನ್ನು ತಿಂದು ಬಿಸಿಯಾಗಿ ಹೊರಗೆ ಬಿಡುತ್ತದೆ.

ಉಂಗುರವನ್ನು ಹಬ್ಬಿಗೆ ವೆಲ್ಡ್ ಮಾಡಿದರೆ ಏನಾಯಿತು? ಡ್ಯಾಂಪರ್ ಹೋಗಿ ಬರೀ ಒಂದು ಭಾರದ ಪುಲ್ಲಿ ಉಳಿಯಿತು. ಸದ್ದು ನಿಲ್ಲುತ್ತದೆ, ಬೆಲ್ಟೂ ನೆಟ್ಟಗೆ ಓಡುತ್ತದೆ, ಮಾಲೀಕ ಖುಷಿಯಾಗುತ್ತಾನೆ. ಕ್ರ್ಯಾಂಕಿಗೆ ಮಾತ್ರ ಮೊದಲಿಗಿಂತ ಕಷ್ಟ. ಅಂಥ ಒಂದು ಗಾಡಿ ನನ್ನ ಹತ್ತಿರ ಬಂದಿತ್ತು, ಕ್ರ್ಯಾಂಕ್ ತುಂಡಾದ ಮೇಲೆ. ಡ್ಯಾಂಪರ್ ಮೇಲೆ ನಾಲ್ಕು ಕಡೆ ವೆಲ್ಡಿಂಗ್ ಗುಳ್ಳೆ. ಕ್ರ್ಯಾಂಕ್ ನೇರವಾಗಿ ಅಡ್ಡ ಮುರಿದಿರಲಿಲ್ಲ, ಕಬ್ಬನ್ನು ಮಚ್ಚಿನಿಂದ ಓರೆಯಾಗಿ ಹೊಡೆದ ಹಾಗೆ ಸೀಳಿತ್ತು. ಮುರಿದ ಮುಖದ ಮೇಲೆ ಕಪ್ಪೆಚಿಪ್ಪಿನ ಗೆರೆಗಳ ಹಾಗೆ ಒಂದರ ಹಿಂದೆ ಒಂದು ಕಮಾನು. ಒಂದೇ ದಿನ ಮುರಿದದ್ದಲ್ಲ, ದಿನಕ್ಕಿಷ್ಟು ಅಂತ ಸೀಳುತ್ತಾ ಬಂದದ್ದು ಎಂಬುದಕ್ಕೆ ಆ ಗೆರೆಗಳೇ ಸಾಕ್ಷಿ. "ನಾಲ್ಕು ತಿಂಗಳು ಚೆನ್ನಾಗೇ ಓಡ್ತಲ್ಲ ಸಾರ್" ಅಂತ ಮಾಲೀಕರು ನಿಂತಿದ್ದರು. ಲೇತ್‌ನಲ್ಲಿ ಗಟ್ಟಿ ಕಬ್ಬಿಣದ ಪುಲ್ಲಿ ತಿರುಗಿಸಿ ಹಾಕಿದರೂ ಕಥೆ ಇದೇ. ಕ್ರ್ಯಾಂಕ್ ಗಿಡ್ಡ ಇರುವ ಮೂರು, ನಾಲ್ಕು ಸಿಲಿಂಡರ್ ಎಂಜಿನ್‌ಗಳು ಎಷ್ಟೋ ಬರೀ ಪುಲ್ಲಿಯಲ್ಲೇ ಬದುಕುತ್ತವೆ. ಉದ್ದದ ಆರು ಸಿಲಿಂಡರ್ ಕ್ರ್ಯಾಂಕ್ ಬದುಕುವುದಿಲ್ಲ.

ಇಲ್ಲಿ ಒಂದು ವಿಷಯ ಎಷ್ಟೋ ಮೆಕ್ಯಾನಿಕ್‌ಗಳಿಗೂ ತಲೆಗೆ ಹೋಗಿರುವುದಿಲ್ಲ. ಡ್ಯಾಂಪರ್ ತಡೆಯುವ ನಡುಕ ಡ್ರೈವರ್ ಸೀಟಿಗೆ ಬರುವಂಥದ್ದಲ್ಲ. ಅದು ಕ್ರ್ಯಾಂಕಿನೊಳಗಿನ ತಿರುಚಾಟ. ಸ್ಟೀರಿಂಗ್‌ನಲ್ಲಿ ನೀವು ಅನುಭವಿಸುವುದು ಇಡೀ ಎಂಜಿನ್ ಅಲ್ಲಾಡುವುದನ್ನು. ಸಾಲಾಗಿರುವ ಆರು ಸಿಲಿಂಡರ್ ತನ್ನಿಂದ ತಾನೇ ತೂಕಕ್ಕೆ ತೂಕ ಹೊಂದಿಕೊಂಡ ಎಂಜಿನ್, ಅದಕ್ಕೆ ಮುಂದೆ ಬೇರೆ ತೂಕ ಕಟ್ಟಬೇಕಾಗಿಲ್ಲ. ಅಮೆರಿಕದವರು ಡ್ಯಾಂಪರನ್ನು ಹಾರ್ಮೋನಿಕ್ ಬ್ಯಾಲೆನ್ಸರ್ ಅಂತಾರೆ, ನಿಮ್ಮ ಎಂಜಿನ್ ಮಟ್ಟಿಗೆ ಅದು ದಾರಿ ತಪ್ಪಿಸುವ ಹೆಸರು. ಹಾಗಾಗಿ "ನಡುಕ ಇದೆ, ಡ್ಯಾಂಪರ್ ಬದಲಿಸಿ" ಎನ್ನುವುದೂ ತಪ್ಪು, "ನಡುಕ ಇಲ್ಲ, ಡ್ಯಾಂಪರ್ ಚೆನ್ನಾಗಿದೆ" ಎನ್ನುವುದೂ ತಪ್ಪು. ಉಂಗುರ ಪಕ್ಕಕ್ಕೆ ಸರಿದು ಓರೆಯಾಗಿ ತಿರುಗತೊಡಗಿದರೆ ಮಾತ್ರ ಸೀಟಿಗೂ ನಡುಕ ಬರುತ್ತದೆ. ಅಷ್ಟು ಹೊತ್ತಿಗೆ ರಬ್ಬರ್ ಸತ್ತು ಎಷ್ಟೋ ಕಾಲ ಆಗಿರುತ್ತದೆ. ಡ್ಯಾಂಪರನ್ನು ಕಣ್ಣಿನಿಂದ ನೋಡಬೇಕು, ಅಳತೆ ಹಿಡಿಯಬೇಕು. ಸೀಟಿನಲ್ಲಿ ಕೂತು ತೀರ್ಮಾನ ಮಾಡುವಂಥದ್ದಲ್ಲ.

ಮೊದಲು ನಡುಕದ ಬೇರೆ ಕಾರಣಗಳನ್ನು ಬೇಗ ಕಳೆದುಬಿಡಿ. ಗಾಡಿ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ 1,500ಕ್ಕೆ ಏರಿಸಿ. ನಡುಕ ಇಲ್ಲವಾ? ಹಾಗಾದರೆ ಪ್ರೊಪೆಲ್ಲರ್ ಶಾಫ್ಟ್, ಯೂನಿವರ್ಸಲ್ ಜಾಯಿಂಟ್, ಟೈರು ನೋಡಿ, ಎಂಜಿನ್ ತಂಟೆಗೆ ಹೋಗಬೇಡಿ. ನಿಂತಲ್ಲೂ ನಡುಗಿದರೆ ಕ್ಲಚ್ ತುಳಿದು ನೋಡಿ, ವ್ಯತ್ಯಾಸ ಬಂದರೆ ಕ್ಲಚ್ ಸೆಟ್ ಮೇಲೆ ಅನುಮಾನ. ಆಮೇಲೆ ಐಡಲ್‌ನಲ್ಲಿ ಒಂದೊಂದೇ ಇಂಜೆಕ್ಟರ್ ಪೈಪಿನ ನಟ್ ಸ್ವಲ್ಪ ಸಡಿಲಿಸಿ, ಸದ್ದು ಕೇಳಿ, ಮತ್ತೆ ಬಿಗಿ ಮಾಡಿ. ಯಾವ ಸಿಲಿಂಡರ್ ಸಡಿಲಿಸಿದಾಗ ಎಂಜಿನ್ ಸದ್ದು ಬದಲಾಗುವುದಿಲ್ಲವೋ ಆ ಸಿಲಿಂಡರ್ ಮೊದಲೇ ಕೆಲಸ ಮಾಡುತ್ತಿರಲಿಲ್ಲ. ಇದನ್ನು ಮಾಡುವಾಗ ಕನ್ನಡಕ ಹಾಕಿ, ನಟ್ ಮೇಲೆ ಬಟ್ಟೆ ಇಡಿ. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ, ಬೆರಳು ತೆಗೆಯಬೇಕಾದ ಸ್ಥಿತಿಯೂ ಬರಬಹುದು. ಎಂಜಿನ್ ನಿಲ್ಲಿಸಿ ಫ್ಯಾನ್ ಎಲೆಗಳನ್ನೂ ಕೈಯಿಂದ ಮುಟ್ಟಿ ನೋಡಿ. ಬುಡದಲ್ಲಿ ಬಿರುಕು ಬಿಟ್ಟ ಒಂದು ಎಲೆ ಸಾಕು ಇಡೀ ಕ್ಯಾಬಿನ್ ಅಲ್ಲಾಡಿಸಲು. ಫ್ಯಾನ್ ಹಬ್ ಬೇರಿಂಗ್ ಹೋದರೂ ಅದೇ ಕಟಕಟ ಬರುತ್ತದೆ. ಹಾಗಾಗಿ ಬೆಲ್ಟು ಬಿಚ್ಚಿ ಫ್ಯಾನನ್ನು ಹಿಂದೆ ಮುಂದೆ ಅಲ್ಲಾಡಿಸಿ ನೋಡುವುದನ್ನು ಮರೆಯಬೇಡಿ.

ಈಗ ಡ್ಯಾಂಪರ್‌ಗೆ ಬರೋಣ. ಹೆಗಲ ಮೇಲಿನ ಟವೆಲ್ ತೆಗೆದಿಟ್ಟು ಬನ್ನಿ, ತಮಾಷೆಗೆ ಹೇಳುತ್ತಿಲ್ಲ. ಎಂಜಿನ್ ಐಡಲ್‌ನಲ್ಲಿರಲಿ, ಫ್ಯಾನಿನ ನೇರಕ್ಕೆ ನಿಲ್ಲದೆ ಪಕ್ಕದಿಂದ ಟಾರ್ಚ್ ಬಿಟ್ಟು ಉಂಗುರದ ಅಂಚನ್ನೇ ನೋಡಿ. ಚೆನ್ನಾಗಿರುವ ಡ್ಯಾಂಪರ್ ತಿರುಗುತ್ತಿದೆಯೋ ನಿಂತಿದೆಯೋ ಗೊತ್ತಾಗದ ಹಾಗೆ ಇರುತ್ತದೆ. ಹೋಗಿರುವುದು ಬೆಂಡಾದ ಸೈಕಲ್ ರಿಮ್ಮಿನ ಹಾಗೆ ಓಲಾಡುತ್ತದೆ. ಬೆಲ್ಟು ಸುತ್ತ ಕಪ್ಪು ರಬ್ಬರ್ ಪುಡಿ ಬಿದ್ದಿದೆಯಾ ನೋಡಿ. ಬೆಲ್ಟು ಕೂರುವ ತೋಡುಗಳು ಹೊರ ಉಂಗುರದ ಮೇಲೇ ಇದ್ದರೆ ಉಂಗುರ ಸ್ವಲ್ಪ ಮುಂದೆ ಸರಿದರೂ ಬೆಲ್ಟು ಓರೆಯಾಗಿ ಎಳೆದುಕೊಂಡು ಹಾರುತ್ತದೆ. ನಿಮ್ಮ ಬೆಲ್ಟು ಹಾರಿದ್ದಕ್ಕೆ ನನ್ನ ಮೊದಲ ಗುಮಾನಿ ಇದೇ.

ಎಂಜಿನ್ ನಿಲ್ಲಿಸಿ, ತಣ್ಣಗಾದ ಮೇಲೆ ಡ್ಯಾಂಪರ್ ಮುಖವನ್ನು ಬಟ್ಟೆಯಿಂದ ಚೆನ್ನಾಗಿ ಒರೆಸಿ. ಗ್ರೀಸು, ಧೂಳು ಹೋದರೆ ಹಬ್ಬಿನ ಮೇಲೊಂದು, ಹೊರ ಉಂಗುರದ ಮೇಲೊಂದು ಕೊರೆದ ಗೆರೆ ಕಾಣುತ್ತದೆ. ಕಾರ್ಖಾನೆಯಿಂದ ಬರುವಾಗ ಎರಡೂ ಒಂದೇ ನೇರದಲ್ಲಿರುತ್ತವೆ. ಈಗ ಅವು 1.59 ಮಿ.ಮೀ.ಗಿಂತ, ಅಂದರೆ ಹಳೆ ಲೆಕ್ಕದಲ್ಲಿ ಇಂಚಿನ ಹದಿನಾರನೇ ಒಂದು ಭಾಗಕ್ಕಿಂತ, ಜಾಸ್ತಿ ಸರಿದಿದ್ದರೆ ಡ್ಯಾಂಪರ್ ಬದಲಿಸಿ ಅಂತ ಕಮ್ಮಿನ್ಸ್ ಹೇಳುತ್ತದೆ. ರಬ್ಬರ್ ಚೂರು ಕಿತ್ತುಹೋಗಿದ್ದರೆ ಬದಲಿಸಬೇಕು. ರಬ್ಬರ್ ಲೋಹದ ಮಟ್ಟಕ್ಕಿಂತ 3.18 ಮಿ.ಮೀ.ಗಿಂತ ಜಾಸ್ತಿ ಒಳಕ್ಕೆ ಇಳಿದಿದ್ದರೂ ಬದಲಿಸಬೇಕು. ವರ್ನಿಯರ್ ಹಿಂದಿನ ಕಡ್ಡಿಯನ್ನು ರಬ್ಬರ್ ಮೇಲೆ ಇಳಿಸಿದರೆ ಈ ಅಳತೆ ಒಂದು ನಿಮಿಷದ ಕೆಲಸ. ಸುತ್ತಲೂ ನಾಲ್ಕು ಕಡೆ ನೋಡಿ.

ಗೆರೆ ತುಕ್ಕಿನಲ್ಲಿ ಅಳಿಸಿಹೋಗಿದೆಯಾ? ಚಿಂತೆಯಿಲ್ಲ. ಬಿಳಿ ಪೇಂಟಿನಲ್ಲಿ ಹಬ್, ರಬ್ಬರ್, ಉಂಗುರ ಮೂರರ ಮೇಲೂ ಹಾದುಹೋಗುವ ಹಾಗೆ ಒಂದು ಸಣ್ಣ ಗೆರೆ ಎಳೆಯಿರಿ. ಒಣಗಿದ ಮೇಲೆ ಖಾಲಿ ಗಾಡಿಯನ್ನು ಊರ ಸುತ್ತ ಒಂದರ್ಧ ಗಂಟೆ ಓಡಿಸಿ ಬಂದು ನೋಡಿ. ಗೆರೆ ಮುರಿದಿದ್ದರೆ ಉಂಗುರ ಜಾರುತ್ತಿದೆ. ಇನ್ನು ಯಾರ ಅಭಿಪ್ರಾಯವೂ ಬೇಕಾಗಿಲ್ಲ. ಗೆರೆ ಮುರಿದಿಲ್ಲ ಅಂತ ಡ್ಯಾಂಪರ್ ಚೆನ್ನಾಗಿದೆ ಅಂದುಕೊಳ್ಳಬೇಡಿ, ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೂ ಅದರ ಕೆಲಸ ಮುಗಿದ ಹಾಗೆಯೇ.

ಕೆಲವು ಎಂಜಿನ್‌ಗಳಲ್ಲಿ ರಬ್ಬರ್ ಇಲ್ಲದ, ಒಳಗೆ ಗಟ್ಟಿ ಸಿಲಿಕೋನ್ ದ್ರವ ತುಂಬಿ ಮುಚ್ಚಿದ ಡ್ಯಾಂಪರ್ ಇರುತ್ತದೆ. ಅದಕ್ಕೆ ಗೆರೆ ಲೆಕ್ಕ ಇಲ್ಲ. ಸೋರಿಕೆ, ಉಬ್ಬು, ಎಲ್ಲಾದರೂ ಪೆಟ್ಟು ಬಿದ್ದು ತಗ್ಗಾಗಿರುವುದು, ಇವು ಕಂಡರೆ ಬದಲಿಸಿ. ಅದನ್ನು ಸುತ್ತಿಗೆಯಿಂದ ಮುಟ್ಟಲೇಬಾರದು.

ಎರಡನೇ ಮೆಕ್ಯಾನಿಕ್ ಹೇಳಿದ ಕ್ರ್ಯಾಂಕ್ ಮಾತನ್ನೂ ಇಲ್ಲೇ ಪರೀಕ್ಷೆ ಮಾಡಬಹುದು. ಕ್ರ್ಯಾಂಕಿನ ಮೂತಿಗೆ ಡಯಲ್ ಗೇಜ್ ಇಟ್ಟು, ಹಬ್ಬಿನ ಹಿಂದೆ ಮೀಟಲು ಸಣ್ಣ ಸನಿಕೆ ಕೊಟ್ಟು ಕ್ರ್ಯಾಂಕನ್ನು ಹಿಂದೆ ಮುಂದೆ ತಳ್ಳಿ. ಸನಿಕೆ ಉಂಗುರಕ್ಕೆ ತಾಗಬಾರದು. ಗೇಜ್ ಮುಳ್ಳು ಸ್ವಲ್ಪ ಅಲ್ಲಾಡಿದರೆ ಸರಿ, ಅಷ್ಟು ಆಟ ಇರಲೇಬೇಕು. ಬರಿಗಣ್ಣಿಗೇ ಹಿಂದೆ ಮುಂದೆ ಓಡಾಡುವುದು ಕಂಡರೆ ಆ ಓಡಾಟವನ್ನು ತಡೆಯುವ ಥ್ರಸ್ಟ್ ಬೇರಿಂಗ್ ಹೋಗಿದೆ, ಆಗ ಎಂಜಿನ್ ಇಳಿಸುವ ಮಾತು ನಿಜ. ಬಿಸಿ ಐಡಲ್‌ನಲ್ಲಿ ಆಯಿಲ್ ಪ್ರೆಷರ್ ಚೆನ್ನಾಗಿದ್ದು, ಈ ಆಟವೂ ಸರಿಯಿದ್ದರೆ ಎಂಜಿನ್ ಇಳಿಸಲು ನಾನಂತೂ ಒಪ್ಪುವುದಿಲ್ಲ.

ಡ್ಯಾಂಪರ್ ಹೋಗಿದೆ ಅಂತ ಗೊತ್ತಾಯಿತು ಅಂದುಕೊಳ್ಳೋಣ. ಸಾಮಾನು ತರುವಾಗ "1613ರ ಡ್ಯಾಂಪರ್ ಕೊಡಿ" ಅಂತ ಕೇಳಬೇಡಿ. ಇದೇ ಲಾರಿ ಹೆಸರಿನಲ್ಲಿ ಬೇರೆ ಬೇರೆ ಎಂಜಿನ್ ಬಂದಿವೆ, ಟಾಟಾದ ಸ್ವಂತ 697 ಕೂಡ. ಎಂಜಿನ್ ಮುಂಭಾಗದ ಗೇರ್ ಹೌಸಿಂಗ್ ಮೇಲೆ ಒಂದು ತಗಡಿನ ಪ್ಲೇಟ್ ಇದೆ. ಅದರಲ್ಲಿ ಎಂಜಿನ್ ಸೀರಿಯಲ್ ನಂಬರೂ, ಆ ಎಂಜಿನ್ನಿಗೆ ಯಾವ್ಯಾವ ಸಾಮಾನು ಅಂತ ಹೇಳುವ ಸಿಪಿಎಲ್ ನಂಬರೂ ಇರುತ್ತವೆ. ಎರಡರ ಫೋಟೊ ತೆಗೆದುಕೊಳ್ಳಿ, ಹಳೆ ಡ್ಯಾಂಪರ್ ಮೇಲಿನ ನಂಬರಿನ ಫೋಟೊವನ್ನೂ. ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದರೂ, ಚಿತ್ರದುರ್ಗದಲ್ಲೇ ತರಿಸಿದರೂ ನಂಬರ್ ಹೊಂದಿಸಿ ತನ್ನಿ. ಉಂಗುರದ ತೂಕ, ರಬ್ಬರಿನ ಗಡಸು ಎರಡನ್ನೂ ಆ ಕ್ರ್ಯಾಂಕಿಗೆಂದೇ ಲೆಕ್ಕ ಹಾಕಿ ಮಾಡಿರುತ್ತಾರೆ. ಬೋಲ್ಟಿನ ತೂತು ಕೂತಿತು ಅಂದ ಮಾತ್ರಕ್ಕೆ ಅದು ನಿಮ್ಮ ಎಂಜಿನ್ನಿನ ಡ್ಯಾಂಪರ್ ಆಗುವುದಿಲ್ಲ. ಗುಜರಿಯಲ್ಲಿ ಬಿಚ್ಚಿಟ್ಟದ್ದು ಬೇಡವೇ ಬೇಡ. ರಬ್ಬರ್ ಓಡಿದರಷ್ಟೇ ಅಲ್ಲ, ಸುಮ್ನೆ ಬಿದ್ದಿದ್ದರೂ ಮುಪ್ಪಾಗುತ್ತದೆ.

ಬಿಚ್ಚುವ ಕೆಲಸ ದೊಡ್ಡದಲ್ಲ. ಯೂಟ್ಯೂಬ್‌ನಲ್ಲಿ ನೋಡಿ ಹೆದರಬೇಡಿ, ಅಲ್ಲಿ ಪುಲ್ಲರ್ ಹಾಕಿ ಒದ್ದಾಡುತ್ತಾರಲ್ಲ, ಅದು ಹೆಚ್ಚಾಗಿ ಅಮೆರಿಕದ ಪಿಕಪ್‌ಗಳ ವಿ8 ಪೆಟ್ರೋಲ್ ಎಂಜಿನ್. ಅವುಗಳಲ್ಲಿ ಡ್ಯಾಂಪರನ್ನು ಕ್ರ್ಯಾಂಕಿನ ಮೂತಿಗೆ ಬಿಗಿಯಾಗಿ ಒತ್ತಿ ಕೂರಿಸಿರುತ್ತಾರೆ. ನಿಮ್ಮ 6ಬಿಟಿಯಲ್ಲಿ ನಾಲ್ಕು ಬೋಲ್ಟ್ ಅಷ್ಟೇ.

ಬ್ಯಾಟರಿಯ ನೆಗೆಟಿವ್ ತೆಗೆಯಿರಿ, ಚಕ್ರಕ್ಕೆ ಕಲ್ಲು ಕೊಡಿ. ಫ್ಯಾನ್ ಮತ್ತು ಅದರ ಕವಚ ಬಿಚ್ಚಿದರೆ ಕೈ ಹೋಗುತ್ತದೆ, ಆದರೂ ರೇಡಿಯೇಟರ್ ಇಳಿಸಿಬಿಡಿ ಎನ್ನುತ್ತೇನೆ. ಒಂದು ಗಂಟೆ ಜಾಸ್ತಿ ಹಿಡಿಯುತ್ತದೆ ನಿಜ, ಟಾರ್ಕ್ ವ್ರೆಂಚ್ ನೆಟ್ಟಗೆ ಹಿಡಿಯಲು ಜಾಗ ಸಿಗುತ್ತದೆ. ಬೆಲ್ಟು ತೆಗೆದ ಮೇಲೆ ಕ್ರ್ಯಾಂಕ್ ತಿರುಗದ ಹಾಗೆ ಹಿಡಿಯಬೇಕು. ಫ್ಲೈವೀಲ್ ಹೌಸಿಂಗ್‌ನಲ್ಲಿ ಎಂಜಿನ್ ತಿರುಗಿಸುವ ಟೂಲ್ ಹಾಕುವ ತೂತಿದೆ, ಅಲ್ಲಿ ಒಬ್ಬರು ಹಿಡಿದುಕೊಳ್ಳಲಿ. ಟೈಮಿಂಗ್ ಪಿನ್ ಒತ್ತಿ ಕ್ರ್ಯಾಂಕ್ ಹಿಡಿಸಲು ಹೋಗಬೇಡಿ. ಅದು ಸಣ್ಣ ಪಿನ್, ಗುರುತಿಗೆ ಇರುವುದು, ಮುರಿದು ಒಳಗೆ ಬೀಳುತ್ತದೆ. ಬೋಲ್ಟು ಬಿಚ್ಚಿದ ಮೇಲೂ ಡ್ಯಾಂಪರ್ ತುಕ್ಕಿಗೆ ಕಚ್ಚಿಕೊಂಡಿದ್ದರೆ ತುಕ್ಕು ಬಿಡಿಸುವ ಎಣ್ಣೆ ಹೊಡೆದು ಸ್ವಲ್ಪ ಹೊತ್ತು ಬಿಡಿ. ಆಮೇಲೆ ಹಬ್ ಮೇಲೆ ಮರದ ತುಂಡು ಇಟ್ಟು ಮೆಲ್ಲಗೆ ತಟ್ಟಿ. ಬೋಲ್ಟ್ ಸುತ್ತ ಕೆಂಪು ಪುಡಿ, ತೂತು ಮೊಟ್ಟೆಯ ಆಕಾರಕ್ಕೆ ತಿರುಗಿರುವುದು ಕಂಡರೆ ಬೋಲ್ಟ್ ಸಡಿಲವಿದ್ದೇ ಓಡಿದೆ ಅಂತ ಅರ್ಥ. ಆಗ ಕ್ರ್ಯಾಂಕಿನ ಮುಖವನ್ನೂ ಚೂರು ಗಮನವಿಟ್ಟು ನೋಡಿ.

ಈಗ ಡ್ಯಾಂಪರ್ ಹಿಂದಿನ ಆಯಿಲ್ ಸೀಲ್ ಕಣ್ಣೆದುರಿಗೆ ಬಂತು. ನೀವು ಸೋರಿಕೆ ಬಗ್ಗೆ ಬರೆದಿಲ್ಲ, ಆದರೂ ನೋಡಿ. ಎಣ್ಣೆ ಕುಡಿದ ರಬ್ಬರ್ ಮೆತ್ತಗಾಗಿ ಉಬ್ಬುತ್ತದೆ. ಎಷ್ಟೋ ಡ್ಯಾಂಪರ್ ಸಾಯುವುದು ಸೀಲಿನಿಂದ. ಸೋರಿಕೆ ಇದ್ದರೆ ಸೀಲನ್ನೂ ಬದಲಿಸಿ. ಇಲ್ಲಿ ನಮ್ಮವರ ಕೈ ಅಭ್ಯಾಸವೇ ಶತ್ರು. ಸೀಲ್ ಅಂದ ಕೂಡಲೇ ತುಟಿಗೆ ಎಣ್ಣೆ ಸವರುತ್ತೇವೆ ಅಲ್ವಾ? ಈ ಎಂಜಿನ್ನಿನ ಮುಂದಿನ ಟೆಫ್ಲಾನ್ ಸೀಲಿಗೆ ಎಣ್ಣೆ ಕೂಡದು. ಕ್ರ್ಯಾಂಕಿನ ಮೂತಿ, ಸೀಲಿನ ತುಟಿ ಎರಡೂ ಒಣಗಿ ಶುಚಿಯಾಗಿರಬೇಕು. ಎಣ್ಣೆ ಹಚ್ಚಿ ಹಾಕಿದರೆ ಮತ್ತೆ ಸೋರುತ್ತದೆ. ಕ್ರ್ಯಾಂಕಿನ ಮೇಲೆ ಉಗುರಿಗೆ ಸಿಗುವಷ್ಟು ಗೀರು ಬಿದ್ದಿದ್ದರೆ ಅದರ ಮೇಲೆ ತೆಳು ಸ್ಲೀವ್ ಹಾಕುವ ಕಿಟ್ ಸಿಗುತ್ತದೆ. ಬ್ರೀದರ್ ಪೈಪ್ ಕಟ್ಟಿಕೊಂಡಿದೆಯಾ ಅಂತಲೂ ನೋಡಿ. ಒಳಗಿನ ಹೊಗೆ ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಎಷ್ಟು ಹೊಸ ಸೀಲ್ ಹಾಕಿದರೂ ಒಂದೇ.

ಸೀಲಿಗಾಗಿ ಗೇರ್ ಕವರ್ ಬಿಚ್ಚಿದರೆ ಇನ್ನೊಂದು ನೋಡಿಕೊಳ್ಳಿ. ಅಮೆರಿಕದಲ್ಲಿ 1989ರಿಂದ ಇದೇ ಕುಟುಂಬದ 5.9 ಎಂಜಿನ್ ಡಾಡ್ಜ್ ಪಿಕಪ್‌ಗಳಲ್ಲಿ ಬಂತು. ಗೇರ್ ಹೌಸಿಂಗನ್ನು ಬ್ಲಾಕಿಗೆ ಸರಿಯಾಗಿ ಕೂರಿಸಲು ಹಾಕಿದ ಸಣ್ಣ ಉಕ್ಕಿನ ಪಿನ್ ಒಂದು ವರ್ಷಾನುಗಟ್ಟಲೆ ನಡುಗಿ ನಡುಗಿ ಹೊರಗೆ ಜಾರಿ ಗೇರುಗಳ ನಡುವೆ ಬೀಳುವುದುಂಟು. ಅಲ್ಲಿನವರು ಅದಕ್ಕೆ ಕಿಲ್ಲರ್ ಡವೆಲ್ ಪಿನ್ ಅಂತಲೇ ಹೆಸರಿಟ್ಟಿದ್ದಾರೆ. ನಿಮ್ಮಲ್ಲಿ ಪಿನ್ ಸ್ವಲ್ಪ ಈಚೆ ಬಂದಿದ್ದರೆ ಒಳಕ್ಕೆ ತಟ್ಟಿ, ಪಕ್ಕದ ಬೋಲ್ಟಿಗೆ ಒಂದು ಸಣ್ಣ ಪಟ್ಟಿ ಕೊಟ್ಟು ಮುಚ್ಚಿಬಿಡಿ. ಸೀಲ್ ಚೆನ್ನಾಗಿದ್ದರೆ ಇದಕ್ಕಾಗಿಯೇ ಕವರ್ ಬಿಚ್ಚುವ ಅಗತ್ಯವಿಲ್ಲ.

ಹೊಸ ಡ್ಯಾಂಪರ್ ಕೂರಿಸುವ ಮುಂಚೆ ಎರಡೂ ಮುಖ ಒರೆಸಿ. ಒಂದು ಚೂರು ತುಕ್ಕು, ಒಂದು ಪದರ ಪೇಂಟ್ ಉಳಿದರೂ ಹೊಸದೇ ಓಲಾಡುತ್ತದೆ. ಬೋಲ್ಟು ಹೊಸದು ಹಾಕಿ, ಅದರ ಥ್ರೆಡ್ಡಿಗೆ ಒಂದು ಹನಿ ಎಂಜಿನ್ ಆಯಿಲ್ ಸಾಕು. ನಾಲ್ಕನ್ನೂ ಕೈಯಲ್ಲಿ ಕೂರಿಸಿ, ಎದುರುಬದುರಾಗಿ ಎರಡು ಸುತ್ತಿನಲ್ಲಿ ಬಿಗಿಯಿರಿ. ಈ 12 ವಾಲ್ವಿನ 5.9ಕ್ಕೆ ಕೊನೆಯ ಬಿಗಿ 125 ನ್ಯೂಟನ್ ಮೀಟರ್, ಹಳೆ ವ್ರೆಂಚ್ ಇದ್ದರೆ 92 ಅಡಿ-ಪೌಂಡ್. "ನನ್ನ ಕೈಯೇ ಟಾರ್ಕ್ ವ್ರೆಂಚ್" ಎನ್ನುವವರಿಗೆ ಈ ನಾಲ್ಕು ಬೋಲ್ಟ್ ಕೊಡಬೇಡಿ. ಬೆಲ್ಟೂ ಹೊಸದಾಗಲಿ, ಓರೆಯಾಗಿ ಓಡಿದ ಬೆಲ್ಟಿನ ಅಂಚು ಈಗಾಗಲೇ ಬಿಚ್ಚಿಕೊಂಡಿರುತ್ತದೆ. ಸ್ಟಾರ್ಟ್ ಮಾಡಿ ಐಡಲ್‌ನಲ್ಲಿ ಉಂಗುರದ ಅಂಚು ಮತ್ತೆ ನೋಡಿ, ಹಾಗೇ 1,500ಕ್ಕೆ ಏರಿಸಿ. ನಡುಕ ಆಗಲೂ ಇದ್ದರೆ ಹೊಸ ಡ್ಯಾಂಪರ್ ಮೇಲೆ ತಪ್ಪು ಹೊರಿಸಬೇಡಿ. ಅದು ಬೇರೆ ರೋಗ. ಫ್ಯಾನು, ಇಂಜೆಕ್ಟರ್ ಕಡೆಗೆ ವಾಪಸ್ ಹೋಗಿ.

ಕ್ರ್ಯಾಂಕಿಗೆ ಈಗಾಗಲೇ ಪೆಟ್ಟು ಬಿದ್ದಿದೆಯಾ ಅಂತ ನಿಮಗೆ ಅನುಮಾನ ಬರಬಹುದು. ಎರಡು ತಿಂಗಳು ಓಡಿದ್ದಕ್ಕೇ ಎಂಜಿನ್ ಬಿಚ್ಚಿ ನೋಡಿ ಎನ್ನುವುದಿಲ್ಲ. ಮುಂದೆ ಯಾವತ್ತಾದರೂ ಎಂಜಿನ್ ಕೆಲಸಕ್ಕೆ ಬಂದಾಗ ಕ್ರ್ಯಾಂಕ್ ಗ್ರೈಂಡ್ ಮಾಡುವ ಮುಂಚೆ ಬಿರುಕು ಪರೀಕ್ಷೆ ಮಾಡಿಸಿ. ಡ್ಯಾಂಪರ್ ಹೋಗಿತ್ತು ಅಂತ ಅವರಿಗೆ ಬಾಯಿಬಿಟ್ಟು ಹೇಳಿ.

ಮೆಕ್ಯಾನಿಕ್ ರೇಡಿಯೇಟರ್ ಕೂರಿಸುವ ಮುಂಚೆ ಹೊಸ ಡ್ಯಾಂಪರ್ ಮೇಲೂ ಆ ಬಿಳಿ ಗೆರೆ ಎಳೆದುಬಿಡಿ. ಇನ್ನು ಮುಂದೆ ಆಯಿಲ್ ಬದಲಿಸುವಾಗಲೆಲ್ಲ ಕ್ಲೀನರ್ ಹುಡುಗನೇ ಟಾರ್ಚ್ ಬಿಟ್ಟು ನೋಡಿ ಹೇಳಬಲ್ಲ.